ಹಿಂದಕ್ಕೆ ಮೂರು ಗೇರು, ಮುಂದಕ್ಕೆ ಒಂದು

ನಾನು ಮದುವೆಯಾಗಿ ಅಜ್ಜಂಪುರಕ್ಕೆ ಬಂದಾಗ ಗಂಡನ ಮನೆಯಲ್ಲಿ ಜಾಗ ಬಿಟ್ಟು ಕದಲದ ಎರಡು ದೊಡ್ಡ ಸಂಗತಿಗಳಿದ್ದವು. ಒಂದು ಅಮೆರಿಕದ ಕಾರು. ಇನ್ನೊಂದು ನನ್ನ ಅತ್ತೆ. ಈ ಮಾತನ್ನು ಅತ್ತೆಯ ಎದುರಿಗೇ ಆಡಿದ್ದೇನೆ, ಅವರು ಹೊಟ್ಟೆ ಕುಲುಕಿಸಿ ನಕ್ಕಿದ್ದಾರೆ. ಹಾಗಾಗಿ ಬರೆಯುವುದಕ್ಕೆ ನನಗೇನೂ ಹೆದರಿಕೆಯಿಲ್ಲ.

ಕಾರು ಮನೆಯ ಹಿಂದಿನ ಈರುಳ್ಳಿ ಶೆಡ್ಡಿನಲ್ಲಿ ನಾಲ್ಕು ಕಲ್ಲುಗಳ ಮೇಲೆ ನಿಂತಿತ್ತು. ನಮ್ಮದು ಈರುಳ್ಳಿ, ಕೊಬ್ಬರಿ ವ್ಯಾಪಾರದ ಮನೆ. ಮಾವ ಬದುಕಿದ್ದಾಗ ಚಿಕ್ಕಮಗಳೂರಿನ ಕಡೆಯ ಕಾಫಿ ತೋಟದ ಸಾಹುಕಾರರೊಬ್ಬರಿಂದ ಅದನ್ನು ಕೊಂಡು ತಂದಿದ್ದರಂತೆ. ಹಸಿ ಬಟಾಣಿಯ ಬಣ್ಣ, ಎರಡು ಎತ್ತಿನ ಗಾಡಿಯನ್ನು ಒಂದರ ಹಿಂದೊಂದು ನಿಲ್ಲಿಸಿದಷ್ಟು ಉದ್ದ, ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಪೆಟ್ರೋಲಿನ ಬೆಲೆ ಏರಿದ ಮೇಲೆ ಮಾವ ಅದನ್ನು ವಾರಕ್ಕೊಮ್ಮೆ ಮಾತ್ರ ತೆಗೆಯತೊಡಗಿದರು, ಆಮೇಲೆ ಹಬ್ಬಕ್ಕೊಮ್ಮೆ. ಒಂದು ಬೇಸಿಗೆಯಲ್ಲಿ ಬೀರೂರಿನ ರಸ್ತೆಯಲ್ಲಿ ಕಾದು ಹೊಗೆಯಾಡುತ್ತ ನಿಂತಾಗ ಯಾರೋ ಪುಣ್ಯಾತ್ಮ ಒಂದು ಕೊಡ ತಣ್ಣೀರು ಸುರಿದ. ಎಂಜಿನ್ ಬ್ಲಾಕ್ ಉದ್ದಕ್ಕೂ ಸೀಳಿಹೋಯಿತು. ಅದೇ ವರ್ಷ ಮಾವ ತೀರಿಕೊಂಡರು. ನಾನು ಬರುವ ಹೊತ್ತಿಗೆ ಹಿಂದಿನ ಸೀಟಿನಲ್ಲಿ ಬಿತ್ತನೆ ಈರುಳ್ಳಿ ಇಡುತ್ತಿದ್ದರು, ಮುಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕುತ್ತಿತ್ತು.

ಅತ್ತೆ ಕದಲದಿದ್ದುದಕ್ಕೆ ಕಾರಣ ಬೇರೆ. ಅವರ ತವರು ತರೀಕೆರೆ. ಅಲ್ಲಿ ಅವರಿಗಿದ್ದದ್ದು ಒಬ್ಬನೇ ತಮ್ಮ, ಅತ್ತೆಯೇ ಸೊಂಟದ ಮೇಲೆ ಹೊತ್ತು ಬೆಳೆಸಿದವನು. ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಅವರನ್ನು ನಾವೆಲ್ಲ ತರೀಕೆರೆ ಮಾವ ಎನ್ನುತ್ತಿದ್ದೆವು. ನಮ್ಮ ಕಾರು ಕಲ್ಲಿನ ಮೇಲೆ ಕೂತ ಮಾರನೆಯ ವರ್ಷ ಅವರೊಂದು ಪುಟ್ಟ ಕಾರು ಕೊಂಡರು. ಮಠದಲ್ಲಿ ನೆಂಟರಿಷ್ಟರೆಲ್ಲ ಸೇರಿದ್ದ ಒಂದು ದಿನ, ಹೊರಡುವ ಹೊತ್ತಿಗೆ ಅತ್ತೆ ಆ ಕಾರಿನ ಬಾಗಿಲಿಗೆ ಕೈ ಹಾಕಿದರು. ತಮ್ಮ ತಮಾಷೆಗೆ, ನೀನು ಹತ್ತಿದರೆ ಕಾರು ಏಳುವುದಿಲ್ಲ ಅಕ್ಕ, ನೀನು ಬಸ್ಸಿನಲ್ಲಿ ಬಾ ಎಂದರಂತೆ. ನೆಂಟರೆಲ್ಲ ಗೊಳ್ಳೆಂದು ನಕ್ಕರು. ಅತ್ತೆ ಧಡೂತಿ ಹೆಂಗಸು, ಅದನ್ನು ತಾವೇ ದಿನಕ್ಕೆ ನಾಲ್ಕು ಸಲ ಹೇಳಿಕೊಂಡು ನಗುತ್ತಿದ್ದವರು. ಆದರೆ ಸಾಕಿದ ತಮ್ಮನ ಬಾಯಿಂದ, ಬೀಗರ ಎದುರಿಗೆ ಬಂದ ಆ ಮಾತು ಅವರಿಗೆ ನಾಟಿಬಿಟ್ಟಿತು. ಇನ್ನು ನಿನ್ನ ಬಾಗಿಲಿಗೆ ಬಂದರೆ ನನ್ನ ಗಂಡನ ಕಾರಿನಲ್ಲೇ ಬರುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಎಲ್ಲರೆದುರು ಹೇಳಿ ಬಸ್ಸು ಹತ್ತಿದವರು, ಏಳು ವರ್ಷ ತರೀಕೆರೆಯ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ಒಂದು ಸೋಮವಾರ ತರೀಕೆರೆ ಮಾವನ ಮಗ ನಮ್ಮ ಮನೆಗೆ ಬಂದ. ಬಂದವನು ಕೂತು ನೀರು ಕುಡಿದ. ಆಮೇಲೆ ನಿಧಾನವಾಗಿ ಹೇಳಿದ. ಅಪ್ಪ ಅಂಗಡಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಜಗಲಿಗೂ ಬರುವುದಿಲ್ಲ. ಯಾರಾದರೂ ಮನೆಗೆ ಬಂದರೆ ಎದ್ದು ಒಳಗಿನ ಕೋಣೆಗೆ ಹೋಗಿಬಿಡುತ್ತಾರೆ. ಕಾಯಿಲೆಯೇನು ಎಂದು ಅತ್ತೆ ಕೇಳಿದ್ದಕ್ಕೆ ಅವನು ನೆಲ ನೋಡಿದ.

"ನೀವೊಂದ್ಸಲ ಬನ್ನಿ ಅತ್ತೆ. ನೀವು ಬಂದ್ರೆ ಹೊರಗೆ ಬತ್ತಾರೇನೋ. ನಮ್ಮ್ ಕೈಲಂತೂ ಆಗ್ತಿಲ್ಲ" ಎಂದ.

ಅತ್ತೆ ಅವನಿಗೆ ಊಟಕ್ಕೆ ಬಡಿಸಿ ಕಳಿಸಿದರು, ಅಷ್ಟೇ. ನನಗೆ ಮೈಯೆಲ್ಲ ಉರಿಯಿತು. ಬಸ್ ಸ್ಟ್ಯಾಂಡಿಗೆ ಐದು ನಿಮಿಷದ ದಾರಿ, ಹೋಗಿ ಹತ್ತಿದರೆ ಒಂದೆರಡು ಗಂಟೆಯಲ್ಲಿ ತರೀಕೆರೆ. ತಮ್ಮನಿಗಿಂತ ನಿಮಗೆ ಆ ಮಾತೇ ದೊಡ್ಡದಾಯಿತೇ ಎಂದು ಕೇಳಿಯೇಬಿಟ್ಟೆ. ಹೊಸ ಸೊಸೆ ಆಡುವ ಮಾತಲ್ಲ, ಆದರೆ ನನ್ನ ಬಾಯಿ ಮೊದಲಿನಿಂದಲೂ ಹಾಗೇ. ಮಾರನೆಯ ಬೆಳಿಗ್ಗೆ ಶೆಡ್ಡಿಗೆ ಹೋಗಿ ನೋಡಿದರೆ, ಸೆರಗು ಸಿಕ್ಕಿಸಿಕೊಂಡು ಒಬ್ಬರೇ ಕಾರಿನ ಹಿಂದಿನ ಸೀಟಿನಿಂದ ಈರುಳ್ಳಿ ತೆಗೆದು ಬುಟ್ಟಿಗೆ ತುಂಬುತ್ತಿದ್ದರು. ಕಣ್ಣು ಕೆಂಪಾಗಿತ್ತು. ಈರುಳ್ಳಿಗೋ ತಮ್ಮನಿಗೋ ಎಂದು ಕೇಳುವಷ್ಟು ಕೆಟ್ಟವಳು ನಾನಲ್ಲ. ಕಾರನ್ನು ಎಬ್ಬಿಸಿಯೇ ತೀರಬೇಕು ಎಂದು ಅಲ್ಲೇ ತೀರ್ಮಾನಿಸಿದೆ.

ಇಲ್ಲಿ ನನ್ನ ವಿಚಾರ ಸ್ವಲ್ಪ ಹೇಳಬೇಕು. ನನ್ನ ತವರು ಕಡೂರು. ತೆಂಗಿನ ತೋಟ, ಬೆದ್ದಲು ಹೊಲ, ಒಂದು ಟ್ರ್ಯಾಕ್ಟರು. ಅಪ್ಪನಿಗೆ ಗಂಡು ಮಕ್ಕಳಿಲ್ಲದ್ದರಿಂದ ಟ್ರ್ಯಾಕ್ಟರು ನನ್ನ ಪಾಲಿಗೆ ಬಂತು. ಹದಿನೆಂಟಕ್ಕೆ ಲೈಸೆನ್ಸು ಮಾಡಿಸಿಕೊಂಡೆ. ಪಿಯುಸಿಯಲ್ಲಿ ಫಿಸಿಕ್ಸ್ ಓದಿದ್ದೆ, ಆ ಎರಡರಿಂದಲೂ ಯಂತ್ರದ ವಿಷಯದಲ್ಲಿ ನನಗೆ ಬೇಕಾದ್ದಕ್ಕಿಂತ ಹೆಚ್ಚು ಜಂಬ ಬಂದಿತ್ತು. ನನ್ನ ಗಂಡನಿಗೆ ಜಂಬವೂ ಇರಲಿಲ್ಲ, ಡ್ರೈವಿಂಗೂ ಬರುತ್ತಿರಲಿಲ್ಲ. ಹೇಳಿದ ಕೆಲಸಕ್ಕೆ ಇಲ್ಲವೆನ್ನದ ಮನುಷ್ಯ.

ಎಂಜಿನ್ ತಂದದ್ದು ಅವರೇ. ಲಕ್ಕವಳ್ಳಿಯಲ್ಲಿ ಅಣೆಕಟ್ಟು ಕಟ್ಟುವಾಗ ಬಂಡೆ ಕೊರೆಯಲು ಇದ್ದ ಗಾಳಿಯ ಕಂಪ್ರೆಸರುಗಳು ತುಕ್ಕು ಹಿಡಿದು ಯಾರದೋ ಗುಜರಿಯಲ್ಲಿ ಬಿದ್ದಿದ್ದವು. ಅದರಲ್ಲೊಂದರ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ನನ್ನು ಈರುಳ್ಳಿ ಲಾರಿಯಲ್ಲಿ ಹಾಕಿಕೊಂಡು ಬಂದು ಅಂಗಳದಲ್ಲಿ ಇಳಿಸಿದರು. ಜೊತೆಗೆ ಕಡೂರಿನಿಂದ ನಮ್ಮ ಅಪ್ಪನ ಟ್ರ್ಯಾಕ್ಟರು ರಿಪೇರಿ ಮಾಡುತ್ತಿದ್ದ ಮೇಸ್ತ್ರಿಯನ್ನು ಕರೆಸಿದೆ. ಆತ ಎಂಜಿನ್ನಿನ ಸುತ್ತ ಎರಡು ಸಲ ಬಂದ, ಕಾರಿನ ಸುತ್ತ ಒಂದು ಸಲ ಬಂದ, ಆಮೇಲೆ ಕಾಫಿ ಕೇಳಿದ. ಕುಡಿದು ಲೋಟ ಇಟ್ಟು, ಎರಡಕ್ಕೂ ಜಾತಕ ಕೂಡುವುದಿಲ್ಲ, ಕೂಡಿಸೋಣ ಎಂದ.

ನಿಜಕ್ಕೂ ಏನೂ ಕೂಡುತ್ತಿರಲಿಲ್ಲ. ಎಂಜಿನ್ನಿನ ಬೋಲ್ಟುಗಳು ಇಂಗ್ಲೆಂಡಿನ ಅಳತೆ, ಕಾರಿನ ಬೋಲ್ಟುಗಳು ಅಮೆರಿಕದ ಅಳತೆ. ಒಂದೇ ಸ್ಪ್ಯಾನರು ಎರಡಕ್ಕೂ ಕೂತ ಹಾಗೆ ಮಾಡಿ ಕೊನೆಗೆ ಜಾರಿ ಮೇಸ್ತ್ರಿಯ ಬೆರಳಿನ ಚರ್ಮ ಕೀಳುತ್ತಿತ್ತು. ಎಡಗಡೆಯ ಚಕ್ರದ ನಟ್ಟುಗಳು ಲೋಕಕ್ಕೆಲ್ಲ ವಿರುದ್ಧವಾಗಿ ಬಿಚ್ಚುತ್ತಿದ್ದವು. ಅದು ತಿಳಿಯದೆ ಮೇಸ್ತ್ರಿ ಸ್ಪ್ಯಾನರಿಗೆ ಪೈಪು ತೂರಿಸಿ, ಅದರ ಮೇಲೆ ನನ್ನ ಗಂಡನನ್ನು ನಿಲ್ಲಿಸಿ, ಅರ್ಧ ದಿನ ಅವನ್ನು ಇನ್ನಷ್ಟು ಬಿಗಿ ಮಾಡಿದ. ಎಂಜಿನ್ ಎತ್ತರವಾಗಿ ಬಾನೆಟ್ಟು ಮುಚ್ಚಲಿಲ್ಲ. ಅದಕ್ಕೊಂದು ತೂತು ಕೊರೆದು, ಮೇಲೆ ಅತ್ತೆಯ ಹಳೆಯ ಹಿತ್ತಾಳೆ ಬೋಗುಣಿಯನ್ನು ಬೋರಲು ಹಾಕಿ ಬೆಸುಗೆ ಹಾಕಿಸಿದೆವು.

ಎಲ್ಲಕ್ಕಿಂತ ಕಷ್ಟವಾದದ್ದು ಎಂಜಿನ್ನನ್ನು ಗೇರ್ ಬಾಕ್ಸಿಗೆ ಸೇರಿಸುವುದು. ಎರಡರ ತೂತುಗಳೂ ಒಂದಕ್ಕೊಂದು ಎದುರು ಬರುತ್ತಿರಲಿಲ್ಲ. ನಡುವೆ ದಪ್ಪನೆಯ ಕಬ್ಬಿಣದ ತಟ್ಟೆ ಕೊಟ್ಟು, ಒಂದು ಕಡೆಯ ಬೋಲ್ಟು ಇದಕ್ಕೆ, ಇನ್ನೊಂದು ಕಡೆಯ ಬೋಲ್ಟು ಅದಕ್ಕೆ ಎಂದು ಮಾಡಬೇಕು. ತೂತಿನ ಗುರುತು ತೆಗೆಯುವುದು ಹೇಗೆ? ಅತ್ತೆ ದೇವರ ಮನೆಯಿಂದ ಒಂದು ವಿಭೂತಿ ಗಟ್ಟಿ ತಂದುಕೊಟ್ಟರು. ಅದನ್ನು ನೀರಿನಲ್ಲಿ ತೇಯ್ದು ಎಂಜಿನ್ನಿನ ಮುಖಕ್ಕೆ ಬಳಿದು, ಲಾರಿ ಟ್ಯೂಬಿನ ಕರಿಯ ರಬ್ಬರನ್ನು ಅದರ ಮೇಲೆ ಒತ್ತಿದರೆ ಪ್ರತಿ ತೂತಿನ ಅಂಚೂ ಬೆಳ್ಳಗೆ ಮೂಡಿತು. ಮೇಸ್ತ್ರಿ ತಾನೂ ಸ್ವಲ್ಪ ಹಣೆಗೆ ಹಚ್ಚಿಕೊಂಡು ರಬ್ಬರನ್ನು ಸುರುಳಿ ಸುತ್ತಿ ಕಡೂರಿನ ಲೇತ್ ಅಂಗಡಿಗೆ ಒಯ್ದ. ನಾಲ್ಕು ದಿನ ಬಿಟ್ಟು ತಟ್ಟೆ ತಂದ. ಒಂದು ತೂತೂ ಸರಿ ಬರಲಿಲ್ಲ. ಒತ್ತಿ ತೆಗೆದ ಗುರುತು ಕನ್ನಡಿಯಲ್ಲಿ ಕಂಡ ಮುಖದ ಹಾಗೆ ಎಡಬಲ ಅದಲುಬದಲಾಗಿತ್ತು. ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತು ಕೂತ. ನಾನು ಹೋಗಿ ನೋಡಿ, ತಟ್ಟೆಯನ್ನು ತಿರುಗಿಸಿ ಹಾಕಿ ಎಂದೆ. ತಿರುಗಿಸಿ ಹಾಕಿದ. ಹನ್ನೆರಡು ತೂತುಗಳೂ ಕಣ್ಣಿಗೆ ಕಣ್ಣು ಕೊಟ್ಟು ಕೂತವು.

ಅಲ್ಲಿಗೆ ನನ್ನ ತಲೆ ತಿರುಗಿತು. ಅಜ್ಜಂಪುರದ ಪೇಟೆಯಲ್ಲೆಲ್ಲ, ಈರುಳ್ಳಿ ಮಂಡಿಯವರ ಸೊಸೆ ಬಂದು ಒಂದೇ ಮಾತಿನಲ್ಲಿ ಎಂಜಿನ್ ಕೂರಿಸಿದಳಂತೆ ಎಂದು ಸುದ್ದಿ. ನನ್ನ ಗಂಡ ಊಟಕ್ಕೆ ಕೂತಾಗ ಎರಡು ಸಲ ಅದನ್ನೇ ಹೊಗಳಿದರು. ಅವತ್ತಿನಿಂದ ಮೇಸ್ತ್ರಿ ಎಲ್ಲಿ ಸಿಕ್ಕಿಬಿದ್ದರೂ ನನ್ನನ್ನು ಕೇಳಿ ಮುಂದೆ ಹೋಗುತ್ತಿದ್ದ.

ಮೊದಲ ಸಲ ಎಂಜಿನ್ ಎಬ್ಬಿಸಿ ಕ್ಲಚ್ಚು ಬಿಟ್ಟಾಗ ಅದರ ಗುದ್ದಿಗೆ ಹಿಂದಿನ ಆಕ್ಸೆಲ್ಲಿನೊಳಗಿನ ಹಲ್ಲುಗಳು ಪುಡಿಯಾದವು. ಆ ಕಾರಿನ ಹಲ್ಲು ಈ ದೇಶದಲ್ಲಿ ಎಲ್ಲಿ ಸಿಗಬೇಕು? ಮೇಸ್ತ್ರಿ ಕಡೂರಿನ ಗುಜರಿಯಿಂದ ಯಾವುದೋ ಹಳೆಯ ಸರಕು ವ್ಯಾನಿನ ಇಡೀ ಆಕ್ಸೆಲ್ಲನ್ನೇ ಗಾಡಿಯ ಮೇಲೆ ಹೊರಿಸಿಕೊಂಡು ಬಂದ. ಅಗಲ ಹೆಚ್ಚು ಕಡಿಮೆ ಸರಿಯಾಗಿತ್ತು. ಒಂದೇ ತೊಡಕು. ವ್ಯಾನಿನಲ್ಲಿ ಸ್ಪ್ರಿಂಗಿನ ಪಟ್ಟಿ ಆಕ್ಸೆಲ್ಲಿನ ಮೇಲೆ ಕೂರುತ್ತದೆ, ನಮ್ಮ ಕಾರಿನಲ್ಲಿ ಕೆಳಗೆ. ಹಾಗಾಗಿ ಅದನ್ನು ಬಿಗಿಯುವ ಪೀಠ ನಮಗೆ ಬೇಕಾದ ಕಡೆ ಇರಲಿಲ್ಲ, ಅದರ ನೆತ್ತಿಯ ಮೇಲಿತ್ತು. ಪೀಠವನ್ನು ಕತ್ತರಿಸಿ ಕೆಳಗೆ ಬೆಸುಗೆ ಹಾಕಿಸಬೇಕು, ಅದಕ್ಕೆ ಮತ್ತೆ ಕಡೂರಿಗೆ ಒಯ್ಯಬೇಕು, ಒಂದು ವಾರ ಹಿಡಿಯುತ್ತದೆ ಎಂದ ಮೇಸ್ತ್ರಿ.

ಒಂದು ವಾರ ಏಕೆ, ಇಡೀ ಆಕ್ಸೆಲ್ಲನ್ನು ತಿರುಗಿಸಿ ಹಾಕಿ, ನೆತ್ತಿಯಲ್ಲಿದ್ದದ್ದು ಕೆಳಗೆ ಬರುತ್ತದೆ ಎಂದೆ ನಾನು.

ಮೇಸ್ತ್ರಿ ಆಕ್ಸೆಲ್ಲಿನ ಹೊಟ್ಟೆ ತಡವಿ ನೋಡಿದ. ಎಣ್ಣೆ ಇಳಿಸುವ ತೂತು ಮೇಲೆ ಬರುತ್ತದಲ್ಲ ಎಂದು ಮೆಲ್ಲಗೆ ಕೇಳಿದ. ಇಳಿಸುವ ತೂತಿನಲ್ಲೇ ಎಣ್ಣೆ ಹಾಕಿ ಎಂದೆ. ನಾನು ಹೇಳಿದ ಮೇಲೆ ಮುಗಿಯಿತು. ಆಕ್ಸೆಲ್ ತಲೆಕೆಳಗಾಗಿ ಹೋಗಿ, ಅಲ್ಲಿಗೇ ಹುಟ್ಟಿದ ಹಾಗೆ ಕೂತಿತು.

ಪರೀಕ್ಷೆ ಮಾಡಲಿಲ್ಲವೇ ಎಂದು ಈಗ ಕೇಳುವವರಿದ್ದಾರೆ. ಮಾಡಿದೆವು. ಹಿಂಬದಿಯನ್ನು ಜಾಕಿನ ಮೇಲೆ ಎತ್ತಿ, ಕರ್ಪೂರ ಹಚ್ಚಿ, ಎಂಜಿನ್ ಎಬ್ಬಿಸಿ, ಒಂದನೇ ಗೇರು ಹಾಕಿದೆವು. ಚಕ್ರಗಳು ತಿರುಗಿದವು. ಅಂಗಳದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು, ಅತ್ತೆ ಕಾಯಿ ಒಡೆದರು. ತಿರುಗಲಿ ಎಂದಷ್ಟೇ ನಾವು ಬೇಡಿಕೊಂಡಿದ್ದು. ಯಾವ ಕಡೆಗೆ ತಿರುಗುತ್ತಿದೆ ಎಂದು ಒಬ್ಬರೂ ನೋಡಲಿಲ್ಲ.

ಮಾರನೆಯ ದಿನವೇ ಹೊರಡುವುದೆಂದಾಯಿತು. ಬಸ್ಸಿನ ಕಂಡಕ್ಟರನ ಕೈಯಲ್ಲಿ ತರೀಕೆರೆಗೆ ಹೇಳಿ ಕಳಿಸಿದ್ದಾಯಿತು. ಅತ್ತೆ ಮದುವೆಯ ರೇಷ್ಮೆ ಸೀರೆ ಉಟ್ಟು, ತಮ್ಮನಿಗೆಂದು ಕೊಬ್ಬರಿ ಮಿಠಾಯಿಯ ಡಬ್ಬ ಹಿಡಿದು ಹಿಂದಿನ ಸೀಟಿನಲ್ಲಿ ಕೂತರು. ಭಾರದ ಎಂಜಿನ್ನಿನಿಂದ ಮೂತಿ ಕೆಳಗೆ ಹಾಕಿಕೊಂಡಿದ್ದ ಕಾರು, ಅವರು ಕೂತ ತಕ್ಷಣ ತಕ್ಕಡಿಯ ಹಾಗೆ ಸಮವಾಯಿತು. ನೋಡಿದಿರಾ, ನಾನಿಲ್ಲದೆ ಇದು ನಡೆಯುವುದಿಲ್ಲ ಎಂದು ಅತ್ತೆ ಖುಷಿಪಟ್ಟರು. ಕಾರಿನದು ಆರು ವೋಲ್ಟಿನ ಬ್ಯಾಟರಿ, ಅದಕ್ಕೆ ಈ ಎಂಜಿನ್ ಜಗ್ಗುತ್ತಿರಲಿಲ್ಲ. ಪಕ್ಕದ ಮನೆಯವರ ಟ್ರ್ಯಾಕ್ಟರಿನ ಬ್ಯಾಟರಿಗೆ ತಂತಿ ಕೊಟ್ಟು ಎಬ್ಬಿಸಿದೆವು. ಟ್ರ್ಯಾಕ್ಟರು ಹೊಲಕ್ಕೆ ಹೊರಟುಹೋಯಿತು. ದಾರಿಯಲ್ಲಿ ಎಲ್ಲೂ ಎಂಜಿನ್ ನಿಲ್ಲಿಸಬೇಡಿ, ನಿಲ್ಲಿಸಲೇಬೇಕಾದರೆ ಇಳಿಜಾರು ನೋಡಿ ನಿಲ್ಲಿಸಿ, ಆಮೇಲೆ ತಳ್ಳಿ ಎಬ್ಬಿಸಬಹುದು ಎಂದ ಮೇಸ್ತ್ರಿ. ಎಂಜಿನ್ ನಿಲ್ಲಿಸುವುದಕ್ಕೆ ಸೈಕಲ್ ಬ್ರೇಕಿನ ತಂತಿಯೊಂದನ್ನು ಅದಕ್ಕೆ ಕಟ್ಟಿ, ಅದರ ತುದಿಯ ಉಂಗುರವನ್ನು ಸ್ಟಿಯರಿಂಗಿನ ಪಕ್ಕ ನೇತುಹಾಕಿದ್ದ. ಹೊಗೆ ಕೊಳವೆಯನ್ನು ಪಂಪ್‌ಸೆಟ್ಟಿನಿಂದ ತಂದು ಸೇರಿಸಿದ್ದರಿಂದ, ಸದ್ದು ಮಾತ್ರ ಮೂರು ಹಿಟ್ಟಿನ ಗಿರಣಿ ಒಟ್ಟಿಗೆ ಶುರುವಾದಷ್ಟಿತ್ತು.

ನಾನು ಒಂದನೇ ಗೇರು ಹಾಕಿ, ಬೀದಿಯ ಕಡೆ ನೋಡುತ್ತ, ಠೀವಿಯಿಂದ ಕ್ಲಚ್ಚು ಬಿಟ್ಟೆ. ಕಾರು ಹಿಂದಕ್ಕೆ ಹೋಗಿ ಹುಲ್ಲಿನ ಬಣವೆಗೆ ನುಗ್ಗಿತು.

ಗೇರು ತಪ್ಪಿತೆಂದುಕೊಂಡು ಎರಡನೆಯದು ಹಾಕಿದೆ. ಬಣವೆಯೊಳಗೆ ಇನ್ನಷ್ಟು ಹೋದೆವು. ರಿವರ್ಸ್ ಹಾಕಿದಾಗ ಕಾರು ಮುಂದಕ್ಕೆ ಬಂತು, ಆಮೆಯ ಹಾಗೆ, ಅರಚಿಕೊಂಡು. ಆಗ ನನಗೆ ಹೊಳೆಯಿತು. ಆಕ್ಸೆಲ್ ತಿರುಗಿಸಿದಾಗ ಅದರೊಳಗಿನ ಹಲ್ಲುಚಕ್ರವೂ ಬಲದಿಂದ ಎಡಕ್ಕೆ ಹೋಗಿ, ಗಾಲಿಗಳು ಉಲ್ಟಾ ತಿರುಗುತ್ತಿದ್ದವು. ಈಗ ನಮ್ಮ ಕಾರಿಗೆ ಹಿಂದಕ್ಕೆ ಮೂರು ಗೇರು, ಮುಂದಕ್ಕೆ ಒಂದು. ಮೇಸ್ತ್ರಿ ಕಿಟಕಿಗೆ ಬಾಯಿಟ್ಟು ಕೂಗಿದ.

"ಅಕ್ಕೋರೇ, ತಿರುಗ್ಸಿ ಹಾಕಿ ಅಂದಿದ್ದು ನೀವೇ ಕಣ್ರೀ."

ಅವನನ್ನು ಬಾಯಿಗೆ ಬಂದ ಹಾಗೆ ಬೈದೆ. ತಪ್ಪು ನನ್ನದಾಗಿದ್ದರಿಂದ ಇನ್ನೂ ಜೋರಾಗಿ ಬೈದೆ. ಸರಿ ಮಾಡಲು ಒಂದು ವಾರ ಬೇಕು, ಎಲ್ಲರೂ ಇಳಿಯಿರಿ ಎಂದು ನನ್ನ ಗಂಡ ಹೇಳಿದರು. ಕೂದಲಲ್ಲಿ ಹುಲ್ಲು ಸಿಕ್ಕಿಸಿಕೊಂಡಿದ್ದ ಅತ್ತೆ ಮುಂದಕ್ಕೆ ಬಾಗಿ ನನ್ನ ಹೆಗಲು ಹಿಡಿದರು.

"ಇಳಿಯಲ್ಲ ಕಣೇ ನಾನು. ಈಗ ಇಳಿದ್ರೆ ಮತ್ತೆ ಹತ್ತೋ ಧೈರ್ಯ ಬರಲ್ಲ. ಒಂದು ವಾರದಲ್ಲಿ ಅವನಿಗೇನಾದ್ರೂ ಆಗ್ಬಿಟ್ರೆ ಏನ್ ಮಾಡ್ಲಿ. ಹಿಂದಕ್ಕಾದ್ರೂ ಹೊರಡ್ಸು."

ನಾನು ಮತ್ತೇನೂ ಯೋಚಿಸಲಿಲ್ಲ. ಬಾಲವನ್ನು ತರೀಕೆರೆಯ ಕಡೆ ಮಾಡಿ ಹೊರಟೆ.

ಮುಂದಕ್ಕಿದ್ದ ಒಂದು ಗೇರಿನಲ್ಲಿ ಹೋಗಿದ್ದರೆ ಎಂಜಿನ್ ಕಾದು ಶಿವನಿ ರಸ್ತೆಯ ತಿರುವಿನಲ್ಲೇ ಕೈಕೊಡುತ್ತಿತ್ತು. ಹಿಂದಕ್ಕಾದರೆ ಎರಡನೇ ಗೇರಿನಲ್ಲಿ ಸೈಕಲ್ಲಿಗಿಂತ ಚೆನ್ನಾಗಿ ಓಡುತ್ತಿತ್ತು. ವೇಗದ ಮುಳ್ಳು, ಪಾಪ, ನಾವು ಮುಂದಕ್ಕೆ ಹೋಗುತ್ತಿದ್ದೇವೆಂದೇ ತಿಳಿದು ಮೈಲಿ ತೋರಿಸುತ್ತಿತ್ತು. ನಾನು ಒಂದು ಕೈ ಸ್ಟಿಯರಿಂಗಿನ ಮೇಲೆ, ಇನ್ನೊಂದು ಕೈ ಸೀಟಿನ ಬೆನ್ನಿನ ಮೇಲೆ ಇಟ್ಟು, ಪೂರ್ತಿ ತಿರುಗಿ ಹಿಂದಿನ ಗಾಜಿನಲ್ಲಿ ದಾರಿ ನೋಡಬೇಕು. ದಾರಿಗೂ ನನಗೂ ನಡುವೆ ಅತ್ತೆ. ಮದುವೆಯಾಗಿ ಬಂದಂದಿನಿಂದ ಅಷ್ಟು ಹೊತ್ತು ನಾವಿಬ್ಬರೂ ಮುಖಕ್ಕೆ ಮುಖ ಕೊಟ್ಟು ಕೂತದ್ದೇ ಇಲ್ಲ. ತಲೆ ಆ ಕಡೆ ಮಾಡಿ ಅತ್ತೆ, ಎಮ್ಮೆ ಕಾಣುತ್ತಿಲ್ಲ ಎಂದು ನಾನು. ನನ್ನ ಮುಖ ಏನು ನೋಡುತ್ತೀ, ದಾರಿ ನೋಡೇ ಎಂದು ಅವರು. ನನ್ನ ಗಂಡ ಪಕ್ಕದಲ್ಲಿ ಕೂತು ಕಾರಿನ ಮೂತಿಯ ಕಡೆ ನೋಡುತ್ತ, ಹಿಂದಿನಿಂದ ಯಾರು ಬರುತ್ತಿದ್ದಾರೆಂದು ವರದಿ ಕೊಡುತ್ತಿದ್ದರು.

ಬಂದದ್ದು ಬಸ್ಸು. ಅದರ ಡ್ರೈವರಿಗೆ ಕಾಣುತ್ತಿದ್ದುದು ಬೋಗುಣಿ ಹೊತ್ತು ತನ್ನ ಕಡೆಯೇ ಮೂತಿ ಮಾಡಿಕೊಂಡು ಎದುರಿಗೆ ನುಗ್ಗಿ ಬರುತ್ತಿರುವ ಒಂದು ದೊಡ್ಡ ಕಾರು. ಆತ ಲೈಟು ಹಾಕಿದ, ಹಾರನ್ ಹೊಡೆದ, ಕೊನೆಗೆ ಬಸ್ಸನ್ನು ಬದಿಗೆ ಇಳಿಸಿ ನಿಲ್ಲಿಸಿ ನಮಗೆ ದಾರಿ ಬಿಟ್ಟ. ನಾವು ಬರಲೇ ಇಲ್ಲ. ಸಣ್ಣದಾಗುತ್ತ ಸಣ್ಣದಾಗುತ್ತ ಹೋಗಿಬಿಟ್ಟೆವು. ಸ್ವಲ್ಪ ಹೊತ್ತಿನ ಮೇಲೆ ಅದೇ ಬಸ್ಸು ನಮ್ಮನ್ನು ದಾಟುವಾಗ ಒಂದು ಕಡೆಯ ಕಿಟಕಿಗಳಲ್ಲೆಲ್ಲ ತಲೆಗಳೇ. ಅತ್ತೆ ಅವರಿಗೆಲ್ಲ ಕೈ ಮುಗಿದರು. ನನ್ನ ಗಂಡ ಸೀಟಿನಲ್ಲಿ ಕೆಳಗೆ ಜಾರಿ, ಪರಿಚಯದವರು ಇದ್ದಾರೇನೋ ಎಂದು ಟವೆಲ್ಲು ಮುಖಕ್ಕೆ ಹಾಕಿಕೊಂಡರು.

ನಡುವೆ ಅತ್ತೆ ಒಂದು ಸಲ ಗಂಭೀರವಾದರು. ಅವನು ಒಳಗೆ ಎದ್ದು ಹೋಗಿಬಿಟ್ಟರೆ ನಾನೇನು ಮಾಡಲಿ ಎಂದು ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೂಗಿ ಕೇಳಿದರು. ಕೋಣೆಯ ಬಾಗಿಲಿಗೇ ಕಾರು ಹಿಂದೆ ಹಾಕುತ್ತೇನೆ ಎಂದೆ. ನಕ್ಕರು, ಆದರೆ ಮಿಠಾಯಿಯ ಡಬ್ಬವನ್ನು ಎದೆಗೊತ್ತಿ ಹಿಡಿದಿದ್ದರು.

ತರೀಕೆರೆಯ ಬೀದಿಗೆ ನಾವು ಬಾಲ ಮುಂದಾಗಿ ಹೊಕ್ಕಾಗ ಜನ ಅಂಗಡಿ ಬಿಟ್ಟು ಬಂದರು. ನನ್ನ ಕುತ್ತಿಗೆ ಹಿಡಿದುಕೊಂಡಿತ್ತು, ಅರ್ಧ ಬೀದಿಯನ್ನು ಒಂದೇ ಕಣ್ಣ ಕೊನೆಯಲ್ಲಿ ದಾಟಿದೆ. ತರೀಕೆರೆ ಮಾವನ ಮನೆಯ ಮುಂದೆ ನಿಲ್ಲಿಸಿ ಗೇರು ತೆಗೆದೆ. ಎಂಜಿನ್ ಗುಡುಗುತ್ತಲೇ ಇತ್ತು. ಮಗ ಓಡಿ ಬಂದು ಬಾಗಿಲು ತೆಗೆದ. ಅತ್ತೆ ಇಳಿಯಲಿಲ್ಲ. ಅವನೇ ಬಂದು ಕರೆಯಲಿ ಎಂದು ಸನ್ನೆ ಮಾಡಿದರು. ಮಗ ಒಳಗೆ ಹೋದ, ಒಬ್ಬನೇ ವಾಪಸು ಬಂದು ತಲೆ ಅಲ್ಲಾಡಿಸಿದ. ಅಷ್ಟು ದೂರ ಬಂದು, ಹತ್ತು ಹೆಜ್ಜೆ ಇಟ್ಟರೆ ಮುಗಿಯುವುದಕ್ಕೆ ಇಬ್ಬರೂ ಪಟ್ಟು ಹಿಡಿದು ಕೂತರೆ ಏನು ಮಾಡುವುದು? ನನಗೆ ಅಳುವೂ ಬಂತು, ಇಬ್ಬರಿಗೂ ನಾಲ್ಕು ಬಿಡಬೇಕೆಂದೂ ಅನ್ನಿಸಿತು.

ಎಂಜಿನ್ ಮಾತ್ರ ತನ್ನ ಪಾಡಿಗೆ ಬಡಿಯುತ್ತಿತ್ತು. ಜಗಲಿಯ ಹೆಂಚು ಅದುರುತ್ತಿತ್ತು, ಬಾಗಿಲ ಬಳಿಯ ತಂಬಿಗೆ ತಾನಾಗಿ ಜರುಗಿ ಮೆಟ್ಟಿಲಿನಿಂದ ಬಿತ್ತು. ಆಗ ಒಳಗಿನಿಂದ ತರೀಕೆರೆ ಮಾವ ಬಂದರು, ಕಂಬ ಹಿಡಿದುಕೊಂಡು, ಪಾದದ ಕೆಳಗಿನ ನೆಲ ನೋಡುತ್ತ. ಸದ್ದಿಗೆ ಯಾರೂ ಹಾಗೆ ನೆಲ ನೋಡುವುದಿಲ್ಲವಲ್ಲ ಎಂದು ನನಗೆ ಅನ್ನಿಸಿತು. ತಲೆ ಎತ್ತಿದವರು ಕಾರು ಕಂಡರು, ಅಕ್ಕನನ್ನು ಕಂಡರು, ಜನ ಕಂಡರು. ತಿರುಗಿ ಒಳಗೆ ಹೋಗುವವರಿದ್ದರು. ಆದರೆ ಬೀದಿಯಲ್ಲಿ ಆಗ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಎಲ್ಲರೂ ಕಿವಿಗೆ ಕೈ ಹಿಡಿದು ಆಂ, ಆಂ ಎನ್ನುತ್ತಿದ್ದರು. ಪಕ್ಕದ ಮನೆಯ ಮುದುಕರೊಬ್ಬರು ನನ್ನ ಗಂಡನ ಕಿವಿಗೇ ಬಾಯಿ ಹಚ್ಚಿ ಏನೋ ಅರಚುತ್ತಿದ್ದರು. ಮಾವ ಅದನ್ನು ನೋಡುತ್ತ ನಿಂತರು. ಒಬ್ಬೊಬ್ಬರನ್ನೇ ನೋಡಿದರು. ಆಮೇಲೆ ಮೆಟ್ಟಿಲಿಳಿದು ಕಾರಿನ ಹತ್ತಿರ ಬಂದರು.

ಅತ್ತೆ ಕಿಟಕಿಯಿಂದ ಕೈ ಚಾಚಿ ತಮ್ಮನ ಕಿವಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು, ಶಕ್ತಿಯೆಲ್ಲ ಹಾಕಿ ಅದರೊಳಗೆ ಕೂಗಿದರು. ಒಂದು ಮೊಳ ದೂರದಲ್ಲಿದ್ದ ನನಗೂ ಅದೇನೆಂದು ಕೇಳಲಿಲ್ಲ. ಮಾವನಿಗೆ ಕೇಳಿತು. ಮೊದಲು ನಕ್ಕರು, ಆಮೇಲೆ ಅಕ್ಕನ ಕಿವಿಗೆ ತಾವೂ ಬಾಯಿಟ್ಟು ಕೂಗಿ ಉತ್ತರ ಕೊಟ್ಟರು.

ಮಗ ನನ್ನ ಪಕ್ಕಕ್ಕೆ ಬಂದು ನನ್ನ ಕಿವಿಯಲ್ಲಿ ಕಿರುಚಿದ.

"ಎರಡು ವರ್ಷ ಆಯ್ತು ಕಣ್ರೀ, ಅಪ್ಪಂಗೆ ಕಿವಿ ಹೋಗಿ. ಕಿವಿಗೇ ಬಾಯಿಟ್ಟು ಕೂಗಿದ್ರಷ್ಟೇ ಕೇಳೋದು. ಅಂಗಡೀಲಿ ಜನ ನಕ್ಕರು. ಯಾರಿಗೂ ಹೇಳ್ಬೇಡ, ಅಕ್ಕಂಗಂತೂ ಹೇಳ್ಲೇಬೇಡ ಅಂದಿದ್ರು."

ನನ್ನ ಗಂಡ ಇದೇನೂ ತಿಳಿಯದೆ, ಸದ್ದು ನಿಲ್ಲಿಸೋಣವೆಂದು ಸ್ಟಿಯರಿಂಗಿನ ಪಕ್ಕದ ಆ ಉಂಗುರಕ್ಕೆ ಕೈ ಹಾಕಿದರು. ಆ ಕೈಗೆ ಪಟ್ಟೆಂದು ಒಂದು ಕೊಟ್ಟೆ. ಬೀದಿ ಇಳಿಜಾರಾಗಿತ್ತು, ನಿಲ್ಲಿಸಿದರೆ ನಾಲ್ಕು ಜನ ತಳ್ಳಿ ಮತ್ತೆ ಎಬ್ಬಿಸಬಹುದಿತ್ತು. ಆದರೂ ಕೇಳಿದವರಿಗೆಲ್ಲ, ಇದನ್ನು ಒಮ್ಮೆ ನಿಲ್ಲಿಸಿದರೆ ಮತ್ತೆ ಹತ್ತುವುದೇ ಇಲ್ಲ ಎಂದು ಕೂಗಿ ಸುಳ್ಳು ಹೇಳಿದೆ.

ಅತ್ತೆ ತಮ್ಮನ ಕೈ ಹಿಡಿದು ಇಳಿದರು. ಇಬ್ಬರೂ ಜಗಲಿಯ ಮೇಲೆ ಕೂತರು. ಡಬ್ಬ ತೆರೆಯಿತು, ಮಂಡಕ್ಕಿ ಬಂತು, ಕಾಫಿ ಬಂತು. ಬೀದಿಯವರು ಒಬ್ಬೊಬ್ಬರಾಗಿ ಬಂದು ಮಾವನ ಕಿವಿಗೆ ಬಾಯಿಟ್ಟು ಕೂಗುತ್ತಿದ್ದರು, ಮಾವ ಅವರ ಕಿವಿಗೆ ಬಾಯಿಟ್ಟು ಕೂಗುತ್ತಿದ್ದರು, ಅವರಲ್ಲಿ ಯಾರಿಗೆ ಕೇಳುತ್ತದೆ ಯಾರಿಗೆ ಕೇಳುವುದಿಲ್ಲ ಎಂದು ಹೊರಗಿನವರು ಹೇಳಲು ಸಾಧ್ಯವೇ ಇರಲಿಲ್ಲ. ಹಾಗೆಯೇ ಒಂದು ಗಂಟೆಯ ಮೇಲಾಯಿತು. ನಾನು ಸ್ಟಿಯರಿಂಗು ಬಿಟ್ಟು ಏಳಲಿಲ್ಲ.

ಕೊನೆಗೆ ಅತ್ತೆ ಎದ್ದು ಬಂದರು. ಟವೆಲ್ಲು ಬೇಕೆಂಬ ನೆಪ ಮಾಡಿ ಕಿಟಕಿಯೊಳಗೆ ತಲೆ ಹಾಕಿದರು. ಕೆನ್ನೆ ಒದ್ದೆಯಾಗಿತ್ತು. ನನ್ನ ಕಿವಿಗೆ ಬಾಯಿ ಹಚ್ಚಿದರು.

"ಅವನಿಗೆ ಕಿವಿ ಕೇಳಲ್ಲ ಕಣೇ. ನಂಗೆ ಗೊತ್ತಾಗಿಲ್ಲ ಅಂದ್ಕೊಂಡಿದಾನೆ. ಎಂಜಿನ್ ನಿಲ್ಲಿಸ್ಬೇಡ, ನಿಲ್ಲಿಸಿದ್ರೆ ಎದ್ದು ಒಳಗೆ ಹೋಗ್ಬಿಡ್ತಾನೆ."

ನಾನು ಮಾವನ ಮಗನ ಕೈಗೆ ಸೀಟಿನಡಿಯ ಖಾಲಿ ಎಣ್ಣೆ ಡಬ್ಬ ಕೊಟ್ಟು, ಡೀಸೆಲ್ ತರಲು ಬಂಕಿಗೆ ಓಡಿಸಿದೆ.